ಅಕಾರ್ಡಿಯನ್ನಿಗೆ ಮುಂದಿನ ಸೀಟು

ಪೆಟ್ಟಿಗೆಯೊಂದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟ್ ಬಿಗಿದು, ಬಿಗಿದದ್ದು ಸರಿಯಾಯಿತೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿ, ಆಮೇಲೆ ಸ್ವಂತ ಸೋದರಮಾವನ ಕಡೆ ತಿರುಗಿ "ಮಾಮ, ನೀವು ಹಿಂದೆ ಅಡ್ಜಸ್ಟ್ ಮಾಡಿ" ಎನ್ನುವ ಹುಡುಗಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಏಕೆಂದರೆ ಆ ಸೋದರಮಾವ ನಾನೇ! ದೋಹಾದ ಜುಲೈ ತಿಂಗಳ ಬಿಸಿಲು ಹೇಗಿರುತ್ತದೆಂದು ಗೊತ್ತಿದ್ದವರಿಗೆ ಗೊತ್ತು. ಅಂಥ ಬಿಸಿಲಿನಲ್ಲಿ ಕಾರಿನ ಏಸಿಯ ನಾಲ್ಕೂ ಕಿಂಡಿಗಳನ್ನು ಅವಳು ಆ ಪೆಟ್ಟಿಗೆಯ ಕಡೆ ತಿರುಗಿಸುತ್ತಾಳೆ. ಹಿಂದಿನ ಸೀಟಿನ ನಡುವಿನ ಉಬ್ಬಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತ ನನಗೆ ಗಾಳಿಯ ಸುದ್ದಿ ಮಾತ್ರ ಬರುತ್ತದೆ.

"ಸ್ವಲ್ಪ ಈಚೆಗೂ ಗಾಳಿ ಬಿಡು ಮಾರಾಯ್ತಿ."

"ಮಾಮ, ಅದರ ಒಳಗೆ ಮೇಣ ಉಂಟು. ಹೀಟಿಗೆ ಕರಗ್ತದೆ."

"ನನ್ನ ಒಳಗೂ ಸುಮಾರು ಕರಗ್ತಾ ಉಂಟು."

"ನೀವು ರಿಪೇರಿ ಆಗ್ತೀರಿ. ಅದು ಆಗುದಿಲ್ಲ."

ನನ್ನ ಅಕ್ಕನ ಈ ಮಗಳಿಗೆ ಹದಿನೇಳು ವರ್ಷ, ಹನ್ನೆರಡನೇ ಕ್ಲಾಸು. ಅವಳ ಓರಗೆಯವರು ಮಾಲ್ ಸುತ್ತುತ್ತಾರೆ, ಮುಖಕ್ಕೆ ಏನೇನೋ ಹಚ್ಚಿಕೊಂಡು ವಿಡಿಯೊ ಮಾಡುತ್ತಾರೆ, ಅಪ್ಪನ ಕಾರ್ಡು ಉಜ್ಜುತ್ತಾರೆ. ಇವಳಿಗೆ ಹಿಡಿದಿರುವುದು ಬೇರೆಯೇ ಗ್ರಹ. ಅದರ ಹೆಸರು ಕೇಜನ್ ಸಂಗೀತ. ದೋಹಾ ಅಲ್ ಜದೀದಾದ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ, ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ವಾಸನೆಯ ನಡುವೆ, ಪಡುಬಿದ್ರಿ ಕಡೆಯ ಒಂದು ಹುಡುಗಿ ಅಮೆರಿಕದ ಜೌಗು ನೆಲದ ಹಾಡು ಬಾರಿಸುತ್ತಾಳೆಂದು ಊರಿಗೆ ಫೋನು ಮಾಡಿ ಹೇಳಿದರೆ, ಆ ಕಡೆಯವರು ಮೊದಲು ಕೇಳುವುದು, "ಡಾಕ್ಟರಿಗೆ ತೋರಿಸಿದ್ರಾ?"

ಕೇಜನ್ ಅಂದರೇನು ಎಂಬ ಪ್ರಶ್ನೆಯನ್ನು ದಯವಿಟ್ಟು ಅವಳ ಎದುರು ಎತ್ತಬೇಡಿ. ನಾನೊಮ್ಮೆ ಎತ್ತಿ, ಬಿಸಿ ಅನ್ನವನ್ನು ತಂಗಳು ಮಾಡಿಕೊಂಡು ಉಂಡಿದ್ದೇನೆ. ಚುಟುಕಾಗಿ ನಾನೇ ಹೇಳಿಬಿಡುತ್ತೇನೆ. ಬಹಳ ಹಿಂದೆ ಕೆನಡಾದ ಕರಾವಳಿಯಲ್ಲಿ ಫ್ರೆಂಚ್ ಮಾತಾಡುವ ಜನ ಇದ್ದರಂತೆ. ಇಂಗ್ಲಿಷರು ಅವರನ್ನು ಹಡಗಿಗೆ ತುಂಬಿ ಹೊರಗಟ್ಟಿದರಂತೆ. ಅವರಲ್ಲಿ ಕೆಲವರು ಅಲೆದೂ ಅಲೆದೂ ಅಮೆರಿಕದ ಲೂಸಿಯಾನಾ ಎಂಬ ಸೀಮೆ ಸೇರಿ, ಸಿಗಡಿ ಹಿಡಿದು, ಅಕ್ಕಿ ಬೆಳೆದು, ವಾರದ ಕೊನೆಗೆ ಮನೆಯ ಕುರ್ಚಿ ಮೇಜುಗಳನ್ನೆಲ್ಲ ಅಂಗಳಕ್ಕೆ ಹಾಕಿ ಒಳಗೆ ಕುಣಿದರಂತೆ. ಆ ಕುಣಿತದ ಹಾಡುಗಳೇ ಇವು. ನನ್ನ ಭಾವ, ಅಂದರೆ ಹುಡುಗಿಯ ಅಪ್ಪ, ಇಷ್ಟು ಚರಿತ್ರೆಯನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ: "ನಮ್ಮವರೇ ಮಾರಾಯ. ನೀರು, ಮೀನು, ಅನ್ನ, ಪರವೂರು. ತೆಂಗಿನಕಾಯಿ ಒಂದು ಹಾಕುದಿಲ್ಲ, ಅಷ್ಟೆ."

ತೆಂಗಿನಕಾಯಿಯ ಮಾತು ಸುಮ್ಮನೆ ಬಂದದ್ದಲ್ಲ. ಭಾವ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರು. ಅದೇ ಶಿಫ್ಟಿನಲ್ಲಿ ಲೂಸಿಯಾನಾದ ಒಬ್ಬ ಹಿರಿಯರಿದ್ದರು. ಗಡ್ಡ, ಹೊಟ್ಟೆ, ನಗು ಮೂರೂ ದೊಡ್ಡದು. ಅವರು ಒಂದು ಶುಕ್ರವಾರ ನಮ್ಮನ್ನೆಲ್ಲ ಊಟಕ್ಕೆ ಕರೆದು, ಕಂದು ಬಣ್ಣದ ಸಿಗಡಿ ಸಾರನ್ನು ಅನ್ನದ ಮೇಲೆ ಸುರಿದು ಕೊಟ್ಟರು. ಅಕ್ಕ ಒಂದು ತುತ್ತು ತಿಂದು, ಹೊರಗೆ "ವೆರಿ ನೈಸ್" ಎಂದು, ನನ್ನ ಕಿವಿಯಲ್ಲಿ "ಪಾಪ, ಕಾಯಿ ಹಾಕ್ಲಿಕ್ಕೆ ಮರ್ತಿದ್ದಾರೆ" ಎಂದಳು. ಊಟವಾದ ಮೇಲೆ ಅವರು ಒಂದು ಪುಟ್ಟ ಅಕಾರ್ಡಿಯನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಷ್ಟರವರೆಗೆ ಸೋಫಾದ ಮೂಲೆಯಲ್ಲಿ ತೂಕಡಿಸುತ್ತಿದ್ದ, ಆಗಿನ್ನೂ ಹನ್ನೊಂದು ವರ್ಷದ ನಮ್ಮ ಹುಡುಗಿ ಎದ್ದು ಹೋಗಿ ಅವರ ಕಾಲ ಬುಡದಲ್ಲಿ ಕುಳಿತವಳು ಮತ್ತೆ ಏಳಲಿಲ್ಲ. ಕೀಬೋರ್ಡ್ ಕ್ಲಾಸಿಗೆ ಕಳಿಸಿದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಮಗು ಅದು!

ಈ ಅಕಾರ್ಡಿಯನ್ನಿನ ಸ್ವಭಾವವನ್ನು ಒಂದಿಷ್ಟು ಹೇಳಬೇಕು. ನಮ್ಮ ಭಜನೆಯ ಹಾರ್ಮೋನಿಯಂ ಸಾಧು ಪ್ರಾಣಿ. ಒಂದು ಮನೆ ಒತ್ತಿದರೆ ಒಂದು ಸ್ವರ, ಅದರಲ್ಲಿ ಮಾತಿಲ್ಲ. ಇದಕ್ಕೆ ಇರುವುದು ಹತ್ತೇ ಗುಂಡಿ. ಒಂದೇ ಗುಂಡಿ ಒತ್ತಿ ತಿದಿಯನ್ನು ಒಳಗೆ ತಳ್ಳಿದರೆ ಒಂದು ಸ್ವರ, ಹೊರಗೆ ಎಳೆದರೆ ಇನ್ನೊಂದು! ಹೋಗುವಾಗ ಒಂದು ಮಾತು, ಬರುವಾಗ ಒಂದು ಮಾತು. ಇಂಥ ಜನರ ಜೊತೆ ನಾನು ಆಫೀಸಿನಲ್ಲಿ ದಿನವೂ ಏಗುತ್ತೇನೆ, ಮನೆಗೂ ಒಂದನ್ನು ತರಬೇಕಿತ್ತೇ? ಸಿನಿಮಾ ಹಾಡು ಬಾರಿಸು ಎಂದರೆ ಆ ಹಾಡಿಗೆ ಬೇಕಾದ ಸ್ವರಗಳಲ್ಲಿ ಅರ್ಧ ಇದರಲ್ಲಿ ಇಲ್ಲವೇ ಇಲ್ಲ. ಇವಳಿಗೋ ಅದೇ ಹೆಮ್ಮೆ.

ಲೂಸಿಯಾನಾದ ಹಿರಿಯರು ಪ್ರತಿ ಶುಕ್ರವಾರ ಅವಳಿಗೆ ಕಲಿಸಿದರು. ನಿವೃತ್ತಿಯಾಗಿ ಊರಿಗೆ ಹೊರಡುವಾಗ ತಮ್ಮಲ್ಲಿದ್ದ ಎರಡು ಅಕಾರ್ಡಿಯನ್ನುಗಳಲ್ಲಿ ಒಂದನ್ನು ಅವಳ ಮಡಿಲಲ್ಲಿ ಇಟ್ಟುಬಿಟ್ಟರು. ಭಾವನಿಗೆ ಚಡಪಡಿಕೆ. ಗುರುದಕ್ಷಿಣೆ ಕೊಡದೆ ವಿದ್ಯೆ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲವೆಂದು ನಮ್ಮ ಕಡೆ ಹೇಳುತ್ತಾರೆ. ಏನು ಕೊಡಲಿ ಎಂದು ಕೇಳಿದ್ದಕ್ಕೆ ಆ ಮನುಷ್ಯ ಗಡ್ಡ ನೀವಿಕೊಂಡು ಹೇಳಿದರಂತೆ: "ಒಂದು ವಾಲ್ಟ್ಸ್ ರೆಕಾರ್ಡ್ ಮಾಡಿ ಕಳಿಸಿ. ಇಡೀ ಮನೆಯವರು ಸೇರಿ ಬಾರಿಸಿದ್ದಾಗಿರಬೇಕು, ಇದು ಮನೆಮಂದಿಯ ಸಂಗೀತ. ನಾನೂ ನನ್ನ ಹೆಂಡತಿಯೂ ನಮ್ಮ ಹಜಾರದಲ್ಲಿ ಅದಕ್ಕೆ ಮೊದಲಿನಿಂದ ಕೊನೆಯವರೆಗೆ ಕುಣಿಯಬೇಕು. ಅವಳ ಮೊಣಕಾಲು ಹೊಸದು, ಆಪರೇಷನ್ ಆದದ್ದು. ಆದ್ದರಿಂದ ನಿಧಾನ."

ಇಷ್ಟೇ ದಕ್ಷಿಣೆ! ಒಂದು ವಾಲ್ಟ್ಸ್. ಒಂದು-ಎರಡು-ಮೂರು, ಒಂದು-ಎರಡು-ಮೂರು ಎಂದು ತೊಟ್ಟಿಲು ತೂಗಿದ ಹಾಗೆ ಹೋಗಬೇಕಾದ ಹಾಡು. ಹುಡುಗಿ ಅದನ್ನು ವ್ರತದ ಹಾಗೆ ಹಿಡಿದಳು. ಆ ವ್ರತಕ್ಕೆ ನಾವೆಲ್ಲ ಬಲಿಯಾದೆವು.

ಅಂದರೆ, ಬ್ಯಾಂಡ್ ಹುಟ್ಟಿತು. ಅಕ್ಕನಿಗೆ ಹಾಡುವ ಕೆಲಸ. ಅಕ್ಕನಿಗೆ ಫ್ರೆಂಚ್ ಬರುವುದಿಲ್ಲ. ಅವಳು ಮಗಳ ಬಾಯಿಂದ ಕೇಳಿ ಕೇಳಿ ಹಾಡನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡಳು. ಕಾಣೆ ಮೀನು ಕಾಯಿಸುತ್ತಾ, ಮಗುಚುವ ಕೈಯಿಂದಲೇ ತಾಳ ಹಾಕುತ್ತಾ, "ಓ ಮಾಶೆರಿ" ಎಂದು ಆಲಾಪನೆ ತೆಗೆದರೆ ಅಪ್ಪಟ ತುಳುವಿನ ರಾಗ. ಒಂದು ದಿನ ಅರ್ಥ ಕೇಳಿದಳು. ಮಗಳು ಹೇಳಿದಳು, ಒಬ್ಬ ಮನುಷ್ಯ ಪ್ರೀತಿಸಿದವಳನ್ನು ಬಿಟ್ಟು ದೂರ ಇದ್ದಾನೆ, ಅಳುತ್ತಿದ್ದಾನೆ.

"ಮೊನ್ನೆಯ ಹಾಡಲ್ಲಿಯೂ ಒಬ್ಬ ಅಳ್ತಾ ಇದ್ದನಲ್ಲ?"

"ಅದು ಬೇರೆ ಮನುಷ್ಯ ಮಮ್ಮಿ."

"ಎಲ್ಲರೂ ಎಂಥಕ್ಕೆ ಅಳುದು?"

ಪೇಪರ್ ಓದುತ್ತಿದ್ದ ಭಾವ ತಲೆ ಎತ್ತದೆ ಹೇಳಿದರು, "ರಜೆ ಸಿಕ್ಕಿರ್ಲಿಕ್ಕಿಲ್ಲ."

ನನ್ನ ಕೈಗೆ ಪಿಟೀಲು ಬಂತು. ನಾನು ದೋಹಾದ ನಜ್ಮಾ ಬಡಾವಣೆಯಲ್ಲಿ ನಾಲ್ಕು ಜನರ ಜೊತೆ ರೂಮಿನಲ್ಲಿರುವ, ಒಂದು ಬಿಡಿಭಾಗದ ಅಂಗಡಿಯಲ್ಲಿ ಲೆಕ್ಕ ಬರೆಯುವ ಪ್ರಾಣಿ. ಆದರೆ ಬಾಲ್ಯದಲ್ಲಿ ಉಡುಪಿಯ ಒಬ್ಬ ಮೇಷ್ಟ್ರ ಹತ್ತಿರ ಪಿಟೀಲು ಕಲಿತಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಕ್ಕ ಹೇಳಿಬಿಟ್ಟಳು. ಸಮಸ್ಯೆ ಏನೆಂದರೆ, ನನಗೆ ಪಿಟೀಲು ಬರುವುದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಅದರ ತಲೆಯನ್ನು ಬಲಗಾಲಿನ ಹಿಮ್ಮಡಿಗೆ ಊರಿ ಕೂತಾಗ ಮಾತ್ರ. ಎಬ್ಬಿಸಿ ನಿಲ್ಲಿಸಿದರೆ ಸರಳೆ ವರಸೆಯೂ ಮರೆತು ಹೋಗುತ್ತದೆ. ಎರಡನೇ ಸಮಸ್ಯೆ ಗಮಕ. ನಮ್ಮ ಮೇಷ್ಟ್ರು ಸ್ವರವನ್ನು ಸುಮ್ಮನೆ ಹಿಡಿದರೆ ಕಿವಿ ಹಿಂಡುತ್ತಿದ್ದರು, ಅಲುಗಾಡಿಸಬೇಕು. ನಾನು ಅಲುಗಾಡಿಸಿದರೆ ಇವಳು ಕಣ್ಣು ಕೆಕ್ಕರಿಸುತ್ತಾಳೆ.

"ಮಾಮ, ಅದನ್ನು ಎಂಥಕ್ಕೆ ನಡುಗಿಸುದು? ಸ್ಟ್ರೈಟ್ ಬಾರಿಸಿ."

"ಅದು ಗಮಕ ಮಗಾ. ಸಂಸ್ಕಾರ."

"ಕೇಳುವಾಗ ನಿಮಗೆ ಜ್ವರ ಬಂದ ಹಾಗೆ ಆಗ್ತದೆ."

ಇನ್ನು ಭಾವ. ಅವರಿಗೆ ಸಿಕ್ಕಿದ್ದು ಬ್ಯಾಂಡಿನಲ್ಲೇ ಸುಲಭದ ಕೆಲಸ: ತ್ರಿಕೋನ. ಕಬ್ಬಿಣದ ಸರಳನ್ನು ಮೂರು ಮೂಲೆಗೆ ಬಗ್ಗಿಸಿ, ಎಡಗೈಯಲ್ಲಿ ಹಿಡಿದು, ಬಲಗೈಯ ಕೋಲಿನಿಂದ ಹೊಡೆಯುವುದು. ಹುಲ್ಲು ಎಳೆಯುವ ಹಳೇ ಯಂತ್ರದ ಹಲ್ಲಿನಿಂದ ಅದನ್ನು ಮಾಡುತ್ತಾರಂತೆ. ಹುಲ್ಲೇ ಇಲ್ಲದ ಈ ಊರಿನಲ್ಲಿ ಅದನ್ನು ಎಲ್ಲಿಂದ ತರುವುದು? ಭಾವ ಸನಯ್ಯಾದ, ಅಂದರೆ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ, ಒಂದು ವೆಲ್ಡಿಂಗ್ ಶಾಪಿಗೆ ಹೋಗಿ ಹೇಳಿ ಬಂದರು. ಅವರು ಮಾಡಿಕೊಟ್ಟ ಮೊದಲನೆಯದು ಲಾರಿ ಕೆಟ್ಟಾಗ ರಸ್ತೆಯಲ್ಲಿ ಇಡುವಷ್ಟು ದೊಡ್ಡದಾಗಿತ್ತು. ಎರಡನೆಯದು ಸರಿಯಾಯಿತು. ಹೊಡೆದರೆ ಮೂರನೇ ಮಹಡಿಯಿಂದ ಕೆಳಗಿನ ಕೆಫೆಟೇರಿಯಾದವರೆಗೆ ಕೇಳುವ ನಾದ! ಒಮ್ಮೆ ಕೆಫೆಟೇರಿಯಾದವನು ಕೇಳದೆಯೇ ನಾಲ್ಕು ಕರಕ್ ಚಹಾ ಮೇಲೆ ಕಳಿಸಿದ್ದ, ನಾವು ಗಂಟೆ ಬಾರಿಸಿ ಕರೆದದ್ದೆಂದು ತಿಳಿದು.

ಎಲ್ಲ ಸರಿಯಿತ್ತು. ಒಂದು ವಿಷಯ ಬಿಟ್ಟು. ಭಾವ ಹುಟ್ಟಿನಿಂದ ಭಜನಾ ಮಂಡಳಿಯವರು.

ಭಜನೆಯ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಭಜನೆ ನಿಧಾನ ಶುರುವಾಗುತ್ತದೆ, ಎರಡನೇ ಚರಣಕ್ಕೆ ಬಿಸಿ ಏರುತ್ತದೆ, ಕೊನೆಗೆ ತಾಳವೂ ಕೈಯೂ ಕಾಣದಷ್ಟು ವೇಗ. ಆ ವೇಗದ ತುತ್ತತುದಿಯಲ್ಲಿ ಫಕ್ಕನೆ ನಿಲ್ಲಿಸಿ ಗೋವಿಂದ ಎಂದರೆ ಭಜನೆ ಮುಗಿಯಿತು. ಏಳನೇ ವಯಸ್ಸಿನಿಂದ ಕೈಯಲ್ಲಿ ತಾಳ ಹಿಡಿದ ಮನುಷ್ಯನಿಗೆ ಶುರುವಾದ ವೇಗದಲ್ಲೇ ಹಾಡು ಮುಗಿಸು ಎಂದರೆ ಹೇಗೆ ಸಾಧ್ಯ? ವಾಲ್ಟ್ಸ್ ತೊಟ್ಟಿಲು ತೂಗುತ್ತಾ ಶುರುವಾಗುತ್ತಿತ್ತು. ಅರ್ಧಕ್ಕೆ ಬರುವಾಗ ಭಾವನ ಕಣ್ಣು ಮುಚ್ಚುತ್ತಿತ್ತು. ಅಷ್ಟೇ. ಮುಂದೆ ತೊಟ್ಟಿಲೂ ಇಲ್ಲ ಮಗುವೂ ಇಲ್ಲ, ತ್ರಿಕೋನದ ಹಿಂದೆ ಅಕಾರ್ಡಿಯನ್, ಅದರ ಹಿಂದೆ ಅಕ್ಕ, ಎಲ್ಲರ ಹಿಂದೆ ಚಕ್ಕಳಮಕ್ಕಳ ಹಾಕಿದ ನಾನು, ಬಸ್ಸು ತಪ್ಪಿದವರ ಹಾಗೆ ಓಡುತ್ತಿದ್ದೆವು.

"ಪಪ್ಪಾ, ಓಡ್ಬೇಡಿ! ಪಪ್ಪಾ! ಓಡ್ಬೇಡಿ!" ಎಂದು ಅವಳು ಬಾರಿಸುತ್ತಲೇ ಕಿರುಚುವುದು ನಮ್ಮ ಪ್ರತಿ ಹಾಡಿನ ಕೊನೆಯ ಸಾಲು. ಹೊಸಬರು ಅದೂ ಫ್ರೆಂಚ್ ಇರಬೇಕೆಂದು ತಿಳಿಯುತ್ತಿದ್ದರು.

"ನಾನೆಲ್ಲಿ ಓಡಿದೆ? ಹಾಡು ಏರಿತು," ಎನ್ನುತ್ತಿದ್ದರು ಭಾವ, ಬೆವರು ಒರೆಸಿಕೊಂಡು.

"ಇದು ಏರ್ಲಿಕ್ಕೆ ಇಲ್ಲ ಪಪ್ಪ. ಇದು ಹಾಗೇ ಹೋಗುದು, ಹಾಗೇ ಮುಗಿಯುದು."

"ಹಾಗೇ ಮುಗಿದ್ರೆ ದೇವರಿಗೆ ನಿದ್ದೆ ಬರುದಿಲ್ಲವಾ?"

"ಇದ್ರಲ್ಲಿ ದೇವರು ಇಲ್ಲ ಪಪ್ಪ!"

"ಅದಕ್ಕೇ ಆ ಜನ ಎಲ್ಲ ಹಾಡಲ್ಲಿಯೂ ಅಳುದು."

ಅವಳು ಮಾಡದ ಉಪಾಯವಿಲ್ಲ. ಫೋನಿನಲ್ಲಿ ಟಿಕ್ ಟಿಕ್ ಎಂದು ತಾಳ ಎಣಿಸುವ ಯಂತ್ರ ಇಟ್ಟಳು. ಭಾವ ಅದನ್ನು ಕನಿಕರದಿಂದ ನೋಡಿ, "ಇದಕ್ಕೆ ಭಕ್ತಿ ಇಲ್ಲ ಮಗಾ," ಎಂದರು. ತಾಳ ತಪ್ಪಿದಾಗ ತೊಡೆ ಚಿವುಟಲು ನನ್ನನ್ನು ಅವರ ಪಕ್ಕ ಕೂರಿಸಿದಳು. ಚಿವುಟಿದಷ್ಟೂ ಅವರಿಗೆ ಹುರುಪು ಏರಿತು. ಕಡೆಗೆ ರಿಹರ್ಸಲಿಗೆ ಮೊದಲು ಕುಚ್ಚಲಕ್ಕಿ ಅನ್ನವನ್ನು ಎರಡೆರಡು ಸಲ ಬಡಿಸಿ, ನಿದ್ದೆ ತೂಗುವ ಹೊತ್ತಿಗೆ ತ್ರಿಕೋನ ಕೈಗೆ ಕೊಟ್ಟಳು. ಭಾವ ನಿದ್ದೆಯಲ್ಲೇ ಓಡಿದರು! ಗೊರಕೆಯೂ ತಾಳದಲ್ಲಿತ್ತು ಎಂದು ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ.

ಒಂದು ವರ್ಷ ನಮ್ಮ ಕರಾವಳಿಯವರ ಸಂಘದ ವಾರ್ಷಿಕೋತ್ಸವದಲ್ಲಿ, ಮಕ್ಕಳ ಡ್ಯಾನ್ಸಿಗೂ ಲಕ್ಕಿ ಡ್ರಾಕ್ಕೂ ನಡುವೆ, ನಮಗೊಂದು ಸಂದಿ ಸಿಕ್ಕಿತು. ಹುಡುಗಿಯ ಕನಸು ದೊಡ್ಡದು. ಜನ ಜೋಡಿ ಜೋಡಿಯಾಗಿ ಎದ್ದು ಮೆಲ್ಲನೆ ಕುಣಿಯಬೇಕು, ಅದನ್ನು ವಿಡಿಯೊ ತೆಗೆದು ಲೂಸಿಯಾನಾಕ್ಕೆ ಕಳಿಸಬೇಕು. ಮೊದಲ ಚರಣಕ್ಕೆ ಸಭೆ ಗಂಭೀರವಾಗಿ ಬಿರಿಯಾನಿಯ ದಾರಿ ನೋಡುತ್ತಿತ್ತು. ಎರಡನೇ ಚರಣಕ್ಕೆ ಭಾವನ ಕಣ್ಣು ಮುಚ್ಚಿತು. ಮೂರನೇ ಚರಣಕ್ಕೆ ಮುಂದಿನ ಸಾಲಿನ ಹೆಂಗಸರಿಗೆ ಇದು ಯಾವುದೆಂದು ಗೊತ್ತಾಗಿಹೋಯಿತು! ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು, ವೃತ್ತ ಕಟ್ಟಿದರು, ಬಗ್ಗಿ ಎದ್ದು ಚಪ್ಪಾಳೆ ತಟ್ಟಿ ಕುಣಿತ ಭಜನೆ ಶುರುಮಾಡಿಯೇಬಿಟ್ಟರು. ಕೊನೆಗೆ ಭಾವ ಫಕ್ಕನೆ ನಿಲ್ಲಿಸಿದಾಗ ಇಡೀ ಸಭಾಂಗಣ ಒಂದೇ ಕೊರಳಿನಿಂದ "ಗೋವಿಂದ!" ಎಂದಿತು. ಅಂಥ ಚಪ್ಪಾಳೆ ಆ ವರ್ಷ ಲಕ್ಕಿ ಡ್ರಾದಲ್ಲಿ ಫ್ರಿಜ್ ಗೆದ್ದವನಿಗೂ ಸಿಗಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಅವಳು ಅಳುತ್ತಿದ್ದಳು. ಅಕಾರ್ಡಿಯನ್ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಸುಮ್ಮನಿತ್ತು.

"ಅವರು ಕೈ ಹಿಡ್ಕೊಂಡು ಸ್ಲೋ ಆಗಿ ಡ್ಯಾನ್ಸ್ ಮಾಡ್ಬೇಕಿತ್ತು ಮಾಮ."

"ನಮ್ಮವರು ಹೆಂಡತಿಯ ಕೈ ಹಿಡಿಯುದು ಧಾರೆಯ ದಿನ ಮಾತ್ರ ಮಗಾ. ಅದೂ ಪುರೋಹಿತರು ಹೇಳಿದ ಮೇಲೆ."

ಅವಳು ನಗಲಿಲ್ಲ. ಸ್ಟೀರಿಂಗ್ ಹಿಡಿದಿದ್ದ ಭಾವ ಕನ್ನಡಿಯಲ್ಲಿ ಮಗಳನ್ನೊಮ್ಮೆ ನೋಡಿ, "ಮುಂದಿನ ಸಲ ಓಡುದಿಲ್ಲ, ಆಯ್ತಾ?" ಎಂದರು. ಆ ಮಾತನ್ನು ಅವರು ನಂಬಿದ್ದರು ಎಂದೇ ನನಗೆ ಅನಿಸುತ್ತದೆ.

ಮುಂದಿನ ಸಲ ಬಂದದ್ದು ವಿಮಾನ ನಿಲ್ದಾಣದಲ್ಲಿ. ರಜೆಗೆ ಊರಿಗೆ ಹೊರಟಿದ್ದೆವು. ಸೆಕ್ಯುರಿಟಿಯವರು ಪರದೆಯಲ್ಲಿ ಗುಂಡಿ, ಕಬ್ಬಿಣದ ನಾಲಿಗೆ, ಸ್ಪ್ರಿಂಗುಗಳೆಲ್ಲ ಕಂಡು ಪೆಟ್ಟಿಗೆ ತೆರೆಸಿದರು. ಇದು ಏನು ಎಂದರು. ವಾದ್ಯ ಎಂದಳು. "ಯಲ್ಲಾ, ಬಾರಿಸು ನೋಡೋಣ" ಎಂದರು ಆಫೀಸರು. ಅವಳು ನಿಂತಲ್ಲೇ ವಾಲ್ಟ್ಸ್ ಶುರುಮಾಡಿದಳು. ಭಾವನ ತ್ರಿಕೋನ ದೊಡ್ಡ ಸೂಟ್‌ಕೇಸಿನೊಳಗೆ ಮೊದಲೇ ಹೋಗಿಯಾಗಿತ್ತು, ಬಚಾವಾದೆವು ಎಂದುಕೊಂಡೆ. ಅಷ್ಟರಲ್ಲಿ ಟ್ರೇಯಿಂದ ಕೀಗೊಂಚಲು ಎತ್ತಿಕೊಂಡ ಭಾವ ತಮ್ಮ ಖಾಲಿ ಸ್ಟೀಲ್ ಫ್ಲಾಸ್ಕಿಗೆ ಹೊಡೆಯತೊಡಗಿದರು! ಸಾಲಿನಲ್ಲಿ ನಿಂತಿದ್ದವರೆಲ್ಲ ಮಂಗಳೂರು ಫ್ಲೈಟಿನವರು, ಅವರಿಗೆ ಚಪ್ಪಾಳೆ ಕಲಿಸಬೇಕೇ? ಒಂದು ಕೈಯಲ್ಲಿ ಬೆಲ್ಟು, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದಿದ್ದ ಒಬ್ಬರು ಮಾತ್ರ ಚಪ್ಪಾಳೆ ಹೊಡೆಯಲಾಗದೆ ತಲೆ ಅಲ್ಲಾಡಿಸುತ್ತಿದ್ದರು. "ಖಲಾಸ್! ಖಲಾಸ್! ಹೋಗಿ!" ಎಂದು ಆಫೀಸರು ಎರಡೂ ಕೈ ಎತ್ತಿ ನಮ್ಮನ್ನು ದಾಟಿಸಿದರು.

ಇಷ್ಟೆಲ್ಲದರ ನಡುವೆಯೂ ಅವಳು ಆಗಾಗ ಒಂದೊಂದು ರೆಕಾರ್ಡಿಂಗನ್ನು ಲೂಸಿಯಾನಾಕ್ಕೆ ಕಳಿಸುತ್ತಿದ್ದಳು. ಕೆಲವು ದಿನಕ್ಕೆ ಆ ಹಿರಿಯರ ಧ್ವನಿ ಫೋನಿನಲ್ಲಿ ಬರುತ್ತಿತ್ತು, ನಾವೆಲ್ಲ ಸುತ್ತ ಕುಳಿತು ಕೇಳುತ್ತಿದ್ದೆವು. ಇಂಗ್ಲಿಷಿನಲ್ಲಿ ಅವರು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಇದೇ: "ಮಗಳೇ, ಶುರು ಬಹಳ ಚೆನ್ನಾಗಿತ್ತು. ಅರ್ಧದವರೆಗೆ ನಾವು ಕುಣಿದೆವು. ಆಮೇಲೆ ನನ್ನ ಹೆಂಡತಿ ಸೋಫಾದ ಮೇಲೆ ಬಿದ್ದಳು, ನಾನು ಅವಳ ಮೇಲೆ ಬಿದ್ದೆ. ಮೊಣಕಾಲು ಕ್ಷೇಮ. ಅಪ್ಪನಿಗೆ ನಮಸ್ಕಾರ ಹೇಳು. ವಾಲ್ಟ್ಸ್ ಇನ್ನೂ ಬಾಕಿ ಇದೆ."

ಕೊನೆಯ ಮಾತಿಗೆ ಹುಡುಗಿಯ ಮುಖ ಬಾಡುತ್ತಿತ್ತು. ಭಾವನ ಮುಖ ಅರಳುತ್ತಿತ್ತು. "ಬಿದ್ದರಂತಾ? ಇಬ್ಬರೂನಾ?" ಎಂದು ಅವರು ಇನ್ನೊಮ್ಮೆ ಹಾಕಿಸಿಕೊಂಡು ಕೇಳುತ್ತಿದ್ದರು.

"ನಗ್ಬೇಡಿ ಪಪ್ಪ! ನನಗೆ ಒಂದೇ ಒಂದು ವಾಲ್ಟ್ಸ್ ಸರಿ ಮಾಡಿ ಕೊಡ್ಲಿಕ್ಕೆ ಆಗುದಿಲ್ಲವಾ ನಿಮಗೆ? ಒಂದೇ ಒಂದು?"

ಹೀಗೆ ಹೇಳಿ ಅವಳು ಒಂದು ಶುಕ್ರವಾರ ಬಾಗಿಲು ಹಾಕಿಕೊಂಡಳು. ಅದಾದ ವಾರವೇ ಪ್ಲಾಂಟಿನಲ್ಲಿ, ಡ್ಯೂಟಿಯ ನಡುವೆ, ಭಾವ ಕುರ್ಚಿಯಿಂದ ಜಾರಿ ಬಿದ್ದರು. ಮೆದುಳಿಗೆ ಹೋಗುವ ರಕ್ತ ಕಟ್ಟಿಕೊಂಡಿತ್ತು.

ನಾನು ಅಂಗಡಿಯಿಂದ ಆಸ್ಪತ್ರೆಗೆ ಓಡಿದಾಗ ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಹುಡುಗಿ ಶಾಲೆಯ ಯೂನಿಫಾರ್ಮಿನಲ್ಲೇ ಇದ್ದಳು. ಜೀವ ಉಳಿಯಿತು. ಆದರೆ ಬಲಗೈ ಮಾತು ಕೇಳುತ್ತಿರಲಿಲ್ಲ, ನಾಲಿಗೆ ತೊದಲುತ್ತಿತ್ತು. ನಗಲು ಹೋದರೆ ಮುಖದ ಅರ್ಧ ಮಾತ್ರ ನಗುತ್ತಿತ್ತು. ಅಂಥ ಮಾತುಗಾರ ಭಾವ ಒಂದು ಲೋಟ ನೀರು ಕೇಳಲು ಕಷ್ಟಪಡುವುದನ್ನು ನೋಡಲಾಗದೆ ನಾನು ಎಷ್ಟೋ ಸಲ ಕಾರಿಡಾರಿಗೆ ಎದ್ದು ಬಂದಿದ್ದೇನೆ.

ಮನೆಗೆ ಕರೆದುಕೊಂಡು ಹೋಗುವ ದಿನ ಕಾರು ನಾನು ಓಡಿಸಿದೆ. ಗಾಲಿಕುರ್ಚಿಯಿಂದ ಎತ್ತಿ ಭಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಹುಡುಗಿ ಬಗ್ಗಿ ಅಪ್ಪನಿಗೆ ಬೆಲ್ಟ್ ಹಾಕಿದಳು. ಎರಡು ಸಲ ಜಗ್ಗಿ ನೋಡಿದಳು. ಏಸಿಯ ಕಿಂಡಿಗಳನ್ನು ಒಂದೊಂದಾಗಿ ಅವರ ಕಡೆ ತಿರುಗಿಸಿದಳು. ಆಮೇಲೆ ಹಿಂದೆ ಹೋಗಿ ಅಮ್ಮನ ಭುಜಕ್ಕೆ ಮುಖ ಒತ್ತಿ ಕುಳಿತಳು. ಅಕಾರ್ಡಿಯನ್ ಅಂದು ಬಂದಿರಲೇ ಇಲ್ಲ. ಅವಳು ಅದನ್ನು ಮಂಚದ ಕೆಳಗೆ ತಳ್ಳಿದ್ದಳೆಂದು ಅಕ್ಕ ನನಗೆ ಹೇಳಿದಳು.

ತಿಂಗಳುಗಟ್ಟಲೆ ಅದು ಅಲ್ಲೇ ಇತ್ತು. ಲೂಸಿಯಾನಾದಿಂದ ಧ್ವನಿ ಬರುತ್ತಲೇ ಇತ್ತು: ಅಪ್ಪ ಹೇಗಿದ್ದಾರೆ, ಕೈ ಎತ್ತುತ್ತಾರಾ, ನಾವು ಪ್ರಾರ್ಥಿಸುತ್ತಿದ್ದೇವೆ. ವಾಲ್ಟ್ಸಿನ ಮಾತು ಅವರು ಎತ್ತುತ್ತಿರಲಿಲ್ಲ. ಕೈಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದವರು ರಬ್ಬರ್ ಚೆಂಡು ಕೊಟ್ಟು ಹಿಸುಕಿ ಎಂದರೆ ಭಾವ ಅದನ್ನು ಎರಡು ಸಲ ಹಿಸುಕಿ ಮುಖ ತಿರುಗಿಸುತ್ತಿದ್ದರು. ಅದಕ್ಕೂ ಭಕ್ತಿ ಇರಲಿಲ್ಲವೋ ಏನೋ. ಒಂದು ಶುಕ್ರವಾರ ಊಟವಾದ ಮೇಲೆ ಅವರು ಎಡಗೈಯಿಂದ ಗೋಡೆಯ ಕಡೆ ತೋರಿಸಿದರು. ಅಲ್ಲಿ ಮೊಳೆಯಲ್ಲಿ ತ್ರಿಕೋನ ತೂಗುತ್ತಿತ್ತು.

ಹುಡುಗಿ ಅದನ್ನು ತಂದು ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಅವರ ಎದೆಯ ಎತ್ತರಕ್ಕೆ ಕಟ್ಟಿದಳು. ಕೋಲನ್ನು ಬಲಗೈಗೇ ಕೊಡು ಎಂದು ಅವರು ಸನ್ನೆ ಮಾಡಿದರು. ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು ಒಂದು ಹೊಡೆದರು. ಹಳೆಯ ನಾದವೇ. ಅವಳು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಳು, ಅಕ್ಕ ಕೈ ಒರೆಸಿಕೊಂಡು ಬಂದಳು, ನಾನು ನೆಲದ ಮೇಲೆ ಕುಳಿತೆ. ಅಕ್ಕ ತನ್ನ ಫೋನನ್ನು ಟಿವಿಯ ಪಕ್ಕ ನಿಲ್ಲಿಸಿ ರೆಕಾರ್ಡಿಂಗ್ ಒತ್ತಿದಳು.

ವಾಲ್ಟ್ಸ್ ಶುರುವಾಯಿತು. ಭಾವನ ಕೈ ಏಳಲು ಹೊತ್ತು ತೆಗೆದುಕೊಳ್ಳುತ್ತಿತ್ತು, ಮೂರಕ್ಕೆ ಒಂದು ಪೆಟ್ಟು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಎರಡನೇ ಚರಣ ಬಂತು, ಮೂರನೇ ಚರಣ ಬಂತು, ಹಾಡು ಏರಲಿಲ್ಲ. ತೊಟ್ಟಿಲು ತೂಗಿದ ಹಾಗೆ ಹೋಗಿ, ಶುರುವಾದ ವೇಗದಲ್ಲೇ ಮುಗಿಯಿತು. ಇಷ್ಟು ವರ್ಷ ಅವಳು ಅತ್ತು ಕರೆದು ಕೇಳಿದ್ದು ಇದನ್ನೇ.

"ಸ... ಸರಿ ಆಯ್ತಾ ಮಗಾ?" ಎಂದರು ಭಾವ. ಅವರ ಹಣೆ ಬೆವೆತಿತ್ತು. ಮಗಳಿಗೆ ಕೊಡಬೇಕಾದ್ದನ್ನು ಕಡೆಗೂ ಕೊಟ್ಟೆನೇನೋ ಎಂಬ ಆಸೆ ಆ ಅರ್ಧ ಮುಖದಲ್ಲಿ ಕಾಣುತ್ತಿತ್ತು.

ಅವಳು ತಿದಿಯ ಮೇಲೆ ಕೈ ಇಟ್ಟು ಅಪ್ಪನನ್ನೇ ನೋಡಿದಳು.

"ಇಲ್ಲ ಪಪ್ಪ. ಸರಿ ಆಗ್ಲಿಲ್ಲ. ಪುನಃ ಮಾಡುವ."

ಎರಡನೇ ಸಲವೂ ಹಾಗೇ ಶುರುವಾಯಿತು. ಆದರೆ ಅರ್ಧಕ್ಕೆ ಬರುವಾಗ ನನ್ನ ಕಮಾನು ತಡವರಿಸಿತು. ಹಾಡು ಮುಂದೆ ಹೋಗುತ್ತಿತ್ತು. ತಾಳದ ವಿಷಯದಲ್ಲಿ ಯಮನಂತಿದ್ದ ಹುಡುಗಿ, ನನ್ನ ಅಕ್ಕನ ಮಗಳು, ತಾನೇ ಓಡುತ್ತಿದ್ದಳು! ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕಣ್ಣು ಮಾತ್ರ ಅಪ್ಪನ ಬಲಗೈ ಬಿಟ್ಟು ಅಲುಗುತ್ತಿರಲಿಲ್ಲ. ಅಕ್ಕನಿಗೆ ಅರ್ಥವಾಯಿತು, ಅವಳೂ ಓಡಿದಳು. ನಾನು ಗಮಕ, ಸಂಸ್ಕಾರ ಎಲ್ಲ ಬಿಟ್ಟು ಓಡಿದೆ. ಭಾವ ಗಾಬರಿಯಾಗಿ ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಅವರ ಕಣ್ಣು ಮುಚ್ಚಿತು. ಕೈ ಎದ್ದಿತು, ಬಿದ್ದಿತು. ಮತ್ತೆ ಎದ್ದಿತು. ಮೂರಕ್ಕೆ ಒಂದು ಇದ್ದದ್ದು ಎರಡಾಯಿತು, ಕೆಲವು ಪೆಟ್ಟು ಗಾಳಿಗೆ ಹೋಯಿತು, ಕೆಲವು ಸ್ಟ್ಯಾಂಡಿಗೆ ಬಿತ್ತು. ಹಾಡಿನ ಕೊನೆಗೆ ತೊದಲುವ ನಾಲಿಗೆಯಲ್ಲಿ ಅವರು ಕೂಗಿದರು.

"ಮಗಾ! ಓಡ್... ಓಡ್ಬೇಡ! ಓಡ್ಬೇಡ!"

ಫಕ್ಕನೆ ನಿಲ್ಲಿಸಿದೆವು. ಗೋವಿಂದ ಎಂದದ್ದು ಅಕ್ಕ.

ಅವಳು ಲೂಸಿಯಾನಾಕ್ಕೆ ಕಳಿಸಿದ್ದು ಈ ಎರಡನೆಯದನ್ನು. ಮೊದಲನೆಯದನ್ನು, ಆ ಸರಿಯಾದದ್ದನ್ನು, ಅಳಿಸಿಬಿಟ್ಟಳು. ಮರುದಿನ ಉತ್ತರ ಬಂತು.

"ಮಗಳೇ, ನಾವು ಇಬ್ಬರೂ ಸೋಫಾದ ಮೇಲೆ ಬಿದ್ದೆವು. ದೇವರಿಗೆ ಸ್ತೋತ್ರ. ವಾಲ್ಟ್ಸ್ ಸಂದಾಯವಾಯಿತು."

ಭಾವ ಎಡಗೈಯನ್ನು ಕಿವಿಗೆ ಆನಿಸಿ ಕೇಳಿದರು. ಮುಖದ ಅರ್ಧ ಅರಳಿತು.

"ಬಿದ್ದ... ಬಿದ್ದರಂತಾ? ಇಬ್ಬರೂನಾ?"

"ಇಬ್ಬರೂ ಪಪ್ಪ," ಎಂದು ಅವಳು ಅದನ್ನು ಇನ್ನೊಮ್ಮೆ ಹಾಕಿದಳು.